ಮಿಲ್ಲು ಬೆಳೆದ ವರ್ಷಗಳು

ತೊಂಬತ್ತರ ದಶಕದ ಮೊದಲಲ್ಲಿ ಚಳ್ಳಕೆರೆಯಲ್ಲಿ ನಮ್ಮದೊಂದು ಸಣ್ಣ ಎಣ್ಣೆ ಮಿಲ್ಲಿತ್ತು. ಶೇಂಗಾದಿಂದ ಎಣ್ಣೆ ತೆಗೆಯುವ ಮಷೀನು ಒಂದೇ. ಎರಡನೆಯದು ಬಂದಾಗ ನಮ್ಮ ಬದುಕು ನಿಜವಾಗಿಯೂ ಹಗುರಾಯಿತು. ಮನೆಗೆ ಗ್ಯಾಸ್ ಒಲೆ ಬಂತು, ಅವ್ವನ ಕೆಮ್ಮು ನಿಂತಿತು. ಹಿತ್ತಲಲ್ಲಿ ಪಾಯಿಖಾನೆ ಕಟ್ಟಿಸಿದರು. ನನ್ನನ್ನು ಚಿತ್ರದುರ್ಗದ ಹಾಸ್ಟೆಲ್ಲಿಗೆ ಸೇರಿಸಿದರು. ದುಡ್ಡಿನಿಂದ ಸುಖವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ಒಪ್ಪುವುದಿಲ್ಲ.

ಮೂರನೆಯ ಮಷೀನು ಬಂದಾಗ ಮಾತ್ರ ಹಾಗಾಗಲಿಲ್ಲ. ಅಪ್ಪನ ಬುತ್ತಿ ಮಿಲ್ಲಿಗೇ ಹೋಗತೊಡಗಿತು. ಅರ್ಧ ಹಾಗೇ ವಾಪಸು ಬರುತ್ತಿತ್ತು. ಸಕ್ಕರೆ ಕಾಯಿಲೆಯೂ ಅಂಟಿಕೊಂಡಿತು. ವ್ಯಾಪಾರದ ಓಡಾಟಕ್ಕೆಂದು ಕಾರು ಕೊಂಡರು. ಮೊದಲೆಲ್ಲ ಮೊಳಕಾಲ್ಮೂರಿನ ದೊಡ್ಡಮ್ಮನ ಮನೆಗೆ ಬಸ್ಸಿನಲ್ಲಿ ಆಗಾಗ ಹೋಗಿಬರುತ್ತಿದ್ದೆವು. ಕಾರಿಟ್ಟುಕೊಂಡು ಬಸ್ಸಿನಲ್ಲಿ ಹೋಗುವುದು ಅಪ್ಪನಿಗೆ ಸರಿಕಾಣಲಿಲ್ಲ. ಕಾರಿನಲ್ಲಿ ಕರೆದೊಯ್ಯಲು ಪುರುಸೊತ್ತಿರಲಿಲ್ಲ. ಹೀಗೆ ಅಕ್ಕತಂಗಿಯರು ಮುಖ ನೋಡದೆ ವರ್ಷವೇ ಕಳೆಯಿತು.

ನಾನು ರಜೆಗೆ ಬಂದಿದ್ದಾಗ ಒಂದು ದಿನ ಊಟದ ಹೊತ್ತಿಗೆ ಅಪ್ಪ ನಾಲ್ಕನೆಯ ಮಷೀನಿನ ಮಾತೆತ್ತಿದರು. ಅದರಿಂದ ಏನಾಗುತ್ತದೆ ಎಂದು ಅವ್ವ ಕೇಳಿದಳು. ಬೇರೆಯವರೆಲ್ಲ ಬೆಳೆಯುತ್ತಿದ್ದಾರೆ, ನಾವು ಸುಮ್ಮನೆ ಕೂತರೆ ಮಿಲ್ಲು ಉಳಿಯುವುದಿಲ್ಲ ಎಂದು ಅಪ್ಪ ವಿವರಿಸಿದರು.

"ಮಿಲ್ಲಿನ ಮಾತಲ್ಲ ರೀ," ಎಂದಳು ಅವ್ವ. "ನಮಗೇನಾಗ್ತೈತೆ ಅಂತ ಕೇಳಿದ್ದು."

ಅಪ್ಪ ಕೈ ತೊಳೆಯಲು ಎದ್ದರು.

ಮರುದಿನ ಅವ್ವ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಸಿಟ್ಟಿನಿಂದೇನೂ ಅಲ್ಲ, ಅಡುಗೆ ಮಾಡಿಟ್ಟು, ಮಿಲ್ಲಿಗೆ ಫೋನು ಮಾಡಿ ತಿಳಿಸಿಯೇ ಹೊರಟಳು. ದೊಡ್ಡಮ್ಮನ ಮನೆಯಲ್ಲಿ ಇಬ್ಬರೂ ಸೊಪ್ಪು ಸೋಸುತ್ತ ಕೂತರೆ ಮಾತು ಮುಗಿಯುತ್ತಲೇ ಇರಲಿಲ್ಲ. ಅವ್ವ ಅಷ್ಟು ನಗುವುದನ್ನು ನಾನು ಮರೆತೇಬಿಟ್ಟಿದ್ದೆ.

ಎರಡು ದಿನ ಬಿಟ್ಟು ಅಪ್ಪ ಕಾರಿನಲ್ಲಿ ಬಂದರು. ತಕ್ಷಣ ಹೊರಡಬೇಕೆಂದವರು ದೊಡ್ಡಮ್ಮನ ಬಲವಂತಕ್ಕೆ ಉಂಡು, ಗೋಡೆಗೆ ಒರಗಿದಲ್ಲೇ ನಿದ್ದೆಹೋದರು. ಎಚ್ಚರವಾದಾಗ ಸಂಜೆಯಾಗಿತ್ತು. ಯಾಕೆ ಎಬ್ಬಿಸಲಿಲ್ಲವೆಂದು ಅವ್ವನ ಮೇಲೆ ರೇಗಿದರು.

"ನೀವು ಹಿಂಗೆ ಮಲಗಿದ್ದು ನೋಡೇ ಇರ್ಲಿಲ್ಲ ಇತ್ತೀಚೆಗೆ. ಮನಸು ಬರ್ಲಿಲ್ಲ," ಎಂದಳು ಅವ್ವ. ಆ ರಾತ್ರಿ ಅಲ್ಲೇ ಉಳಿದೆವು.

ಆದರೂ ನಾಲ್ಕನೆಯ ಮಷೀನು ಬಂತು. ಅವ್ವ ತಡೆಯಲಿಲ್ಲ; ಮೊಳಕಾಲ್ಮೂರಿನ ಬಸ್ಸು ಹತ್ತುವುದನ್ನೂ ಬಿಡಲಿಲ್ಲ. ಆಮೇಲೆ ಹೊರಗಿನ ಅಗ್ಗದ ಎಣ್ಣೆ ಬಂದು ಊರಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಮ್ಮ ನಾಲ್ಕು ಮಷೀನುಗಳಲ್ಲಿ ಎರಡು ನಿಂತವು. ಮನೆಯಲ್ಲಿ ಉಣ್ಣುವುದಕ್ಕಾಗಲಿ ಉಡುವುದಕ್ಕಾಗಲಿ ಏನೂ ಕಡಿಮೆಯಾಗಲಿಲ್ಲ. ಅಪ್ಪ ಹೊತ್ತಿಗೆ ಸರಿಯಾಗಿ ಮನೆಗೆ ಬರತೊಡಗಿದರು, ಅವರ ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂತು. ಅವರು ಮಾತ್ರ ಆ ಮಷೀನುಗಳು ನಿಂತದ್ದನ್ನು ಕೊನೆಯವರೆಗೂ ಸೋಲೆಂದೇ ಹೇಳುತ್ತಿದ್ದರು.