ಬಾಗಿಲ ಕೆಳಗಿನ ಮೂರು ತೂತು

ಮ್ಯಾಗ್ನೆಟ್ಟಣ್ಣನ ಕೊರಳಲ್ಲಿ ಸದಾ ಒಂದು ಅಯಸ್ಕಾಂತ ನೇತಾಡುತ್ತಿರುತ್ತದೆ. ಹಳೇ ಸ್ಪೀಕರಿನಿಂದ ಕಿತ್ತದ್ದು. ಮೂವತ್ತು ವರ್ಷದಿಂದ ಗಾಡಿಗಳ ತಗಡು ಬಡಿಯುತ್ತಿರುವ ಈ ಟಿಂಕರ್‌ಗೆ ಬಣ್ಣದ ಮೇಲೆ ನಂಬಿಕೆಯಿಲ್ಲ. ಯಾವ ಗಾಡಿ ಬಂದರೂ ಮೊದಲು ಅಯಸ್ಕಾಂತವನ್ನು ಅದರ ಮೈಮೇಲೆ ಆಡಿಸುತ್ತಾನೆ. ಅಂಟಿದರೆ ತಗಡು, ಜಾರಿದರೆ ತುಕ್ಕು ತಿಂದ ಜಾಗಕ್ಕೆ ಯಾರೋ ಪುಟ್ಟಿಯ ಲೇಪ ಮೆತ್ತಿದ್ದಾರೆ. ಸ್ವಂತ ತಮ್ಮನೇ ಕಾರು ಕೊಂಡು ತಂದ ದಿನವೂ ಶುಭಾಶಯಕ್ಕೆ ಮುಂಚೆ ಅಯಸ್ಕಾಂತ ಹಿಡಿದವನು. ಆರು ತಿಂಗಳು ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ.

ಅನುಮಾನದಲ್ಲಿ ನಾನೂ ಕಡಿಮೆಯವನಲ್ಲ. ಅಂಗಡಿಯವನು ತೂಗುವಾಗ ನಾನು ನೋಡುವುದು ತಕ್ಕಡಿಯನ್ನಲ್ಲ, ಅವನ ಕಿರುಬೆರಳನ್ನು.

ನನ್ನ ಹೆಂಡತಿ ಸಸಿ ಬೆಳೆಸಿ ಮಾರುವವಳು. ಕುಂಡ ಸಾಗಿಸುವ ಅವಳ ಹದಿನೆಂಟು ವರ್ಷದ ಪಿಕಪ್ಪಿನ ಎಡಬಾಗಿಲು ಕೆಳಗೆ ಹಪ್ಪಳದಂತೆ ಉದುರತೊಡಗಿದಾಗ ಮ್ಯಾಗ್ನೆಟ್ಟಣ್ಣನೇ ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಕೆಂಪು ಪ್ರೈಮರ್ ಹೊಡೆದು, ಬಣ್ಣ ಬಳಿದ. ಕೊನೆಗೆ ಬಾಗಿಲ ತಳದಂಚಿನಲ್ಲಿ ಮೂರು ತೂತು ಕೊರೆದ.

"ಹೊಸ ತಗಡಿಗೆ ತೂತು ಯಾಕಣ್ಣ?" ಎಂದೆ.

"ಇರ್ಲಿ ಬಿಡಿ." ಪಕ್ಕದ ಶೆಡ್ಡಿನ ಕಡೆ ಓರೆಗಣ್ಣು ಹಾಯಿಸಿದ. ಕಾರಣ ಹೇಳಿದರೆ ಯಾರಾದರೂ ಕೆಲಸ ಕದ್ದಾರೆಂಬ ಗುಮಾನಿ ಅವನಿಗೆ. "ಎರಡು ವರ್ಷದೊಳಗೆ ಇಲ್ಲಿ ತುಕ್ಕು ಬಂದ್ರೆ ಸುತ್ತಿಗೆ ಕೆಳಗಿಟ್ಟು ಮನೇಲಿ ಕೂತ್ಕೋತೀನಿ, ಸಾಕಾ?"

ಎಂಟೇ ತಿಂಗಳಿಗೆ ಬಣ್ಣ ಬೊಬ್ಬೆ ಎದ್ದಿತು. ನನಗೋ ಒಳಗೊಳಗೇ ಹಿಗ್ಗು. ಹೆಂಡತಿ ಬೇಡವೆಂದರೂ ಕೇಳದೆ, ಅವಳನ್ನೂ ಕೂರಿಸಿಕೊಂಡು, ಮ್ಯಾಗ್ನೆಟ್ಟಣ್ಣನೊಬ್ಬನನ್ನು ಬಿಟ್ಟು ಶೆಡ್ಡಿನವರೆಲ್ಲ ಕೈತೊಳೆದು ಊಟಕ್ಕೆ ಕೂತಿದ್ದಾಗಲೇ ಗಾಡಿ ತಂದು ನಿಲ್ಲಿಸಿದೆ.

"ಏನಣ್ಣ, ಸುತ್ತಿಗೆ ಇನ್ನೂ ಕೈಯಲ್ಲೇ ಇದೆ?"

ಆತ ಬೊಬ್ಬೆಯನ್ನು ಉಗುರಿನಿಂದ ಕೆರೆದ. ಬೆರಳು ಒಳಗೇ ಹೋಯಿತು. ಮುಖ ಬಿಳಿಚಿಕೊಂಡಿತು. ಹಿಡಿ ಸವೆದ ಸುತ್ತಿಗೆಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಒಬ್ಬರೂ ತುತ್ತೆತ್ತಲಿಲ್ಲ.

"ಮಾತು ಅಂದ್ರೆ ಮಾತು. ನಾಳೆಯಿಂದ ನಾನು ಬರಲ್ಲ ಕಣ್ರಪ್ಪ."

"ಅಣ್ಣಾ, ಇನ್ನೊಂದ್ಸಲ ಸರಿಯಾಗಿ ನೋಡಿ," ಎಂದಳು ನನ್ನ ಹೆಂಡತಿ.

ಅವಳ ಮಾತಿಗೆ ಕುಕ್ಕರುಗಾಲಲ್ಲಿ ಕೂತು ಬಾಗಿಲ ತಳದಂಚನ್ನು ತಡವಿದ. ಮತ್ತೊಮ್ಮೆ ತಡವಿದ.

"ನಾನು ಬಿಟ್ಟಿದ್ದ ಮೂರು ತೂತು ಎಲ್ಲಿ?"

ನಾನು ಮೆಲ್ಲಗೆ ಗಾಡಿಯ ಹಿಂದಕ್ಕೆ ಸರಿದೆ. ತುಕ್ಕು ಬಂದು ನಾನು ಮತ್ತೆ ಇವನ ಬಳಿಯೇ ಬರಲೆಂದು ದಾರಿ ಮಾಡಿಟ್ಟಿದ್ದಾನೆ ಎಂದು ಗುಮಾನಿಪಟ್ಟು, ಆವತ್ತು ಮನೆಗೆ ಹೋದವನೇ ಸೋರುವ ಪೈಪಿಗೆ ಮೆತ್ತುವ ಸೀಲ್ ಅಂಟಿನಿಂದ ಮೂರನ್ನೂ ಮುಚ್ಚಿದ್ದೆ.

ಆತ ಸ್ಕ್ರೂಡ್ರೈವರ್ ಹಾಕಿ ಮೀಟಿದ. ಡಿಕಾಕ್ಷನ್ ಬಣ್ಣದ ಅರ್ಧ ಚೆಂಬು ನೀರು ಅವನ ಪಾದದ ಮೇಲೆ ಸುರಿಯಿತು.

"ಕಿಟಕಿ ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗ್ಲಿ ಅಂತ ಬಿಟ್ಟಿದ್ದು. ಮುಚ್ಚಿದ್ರೆ ಬಾಗಿಲು ನೀರಿನ ತೊಟ್ಟಿ ಆಗಲ್ವಾ?" ಕಿತ್ತ ಮುಚ್ಚಳವನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಹೆಬ್ಬೆಟ್ಟಿನ ಅಚ್ಚೊತ್ತಿತ್ತು. "ಯಾವನದಿದು?"

"ಇವರದ್ದೇ ಅಣ್ಣಾ," ಎಂದಳು ಹೆಂಡತಿ. "ನಮ್ಮನೆ ನಲ್ಲಿ ಮೇಲೂ ಇಂಥದ್ದೇ ರುಜು ಇದೆ."

ಶೆಡ್ಡು ಗೊಳ್ಳೆಂದಿತು. ಮ್ಯಾಗ್ನೆಟ್ಟಣ್ಣ ಮಾತ್ರ ನಗಲಿಲ್ಲ. "ಕಾರಣ ಆವತ್ತೇ ಹೇಳ್ಬೇಕಿತ್ತು," ಎಂದು ತನಗೇ ಹೇಳಿಕೊಂಡು ಸುತ್ತಿಗೆಯನ್ನು ಎತ್ತಿಕೊಂಡ. ಆಮೇಲೆ ಹತ್ತಿರ ಬಂದು, ಕೊರಳಿನ ಅಯಸ್ಕಾಂತವನ್ನು ನನ್ನ ಹಣೆಗೆ ಹಿಡಿದು ಬಿಟ್ಟ. ಜಾರಿತು.

"ನೋಡಮ್ಮ," ಎಂದ ಅವಳಿಗೆ, "ಒಳಗೆ ಪೂರ್ತಿ ಪುಟ್ಟಿ."