ಬೀಸಿದ ಹಿಟ್ಟನ್ನೇ ಬೀಸಿದ ಭರಮವ್ವ

ಯಮಕನಮರಡಿಯ ಭರಮವ್ವನಿಗೆ ಹಾಡು ಕಟ್ಟುವುದನ್ನು ಯಾರೂ ಕಲಿಸಲಿಲ್ಲ. ಸಾಲೆಯ ಮೆಟ್ಟಿಲು ಹತ್ತಿದವಳಲ್ಲ, ಹತ್ತಲಿಲ್ಲವೆಂದು ಹಳಹಳಿಸಿದವಳೂ ಅಲ್ಲ. ಮೂಡಲಗಿಯಿಂದ ಮದುವೆಯಾಗಿ ಬಂದಾಗ ಒಂದು ಸೀರೆಯ ಗಂಟು, ಒಂದು ತಾಮ್ರದ ತಂಬಿಗೆ, ಬಾಯಿ ತುಂಬ ಬೀಸುವ ಹಾಡು ತವರಿನಿಂದ ತಂದಿದ್ದಳು. ಸೀರೆ ಹರಿಯುವುದಕ್ಕೆ ಮೊದಲೇ ಹಾಡು ತೀರಿದವು.

ಅತ್ತೆ ಶಿವಗಂಗವ್ವ ಬೀಸುಕಲ್ಲಿನ ಎದುರು ಕುಳಿತು ಗೂಟ ಹಿಡಿದಳೆಂದರೆ ತುಟಿ ಹೊಲಿದುಕೊಂಡಂತೆ ಇರುವ ಹೆಂಗಸು. ಹಾಡಿದ್ದನ್ನೇ ಹಾಡಿ ಹಾಡಿ ಸೊಸೆಗೆ ಬೇಸರ ಬಂತು. ಒಂದು ಬೆಳಗಿನ ಜಾವ ಅದೇನು ಹೊಳೆಯಿತೋ, ಹಿಂದಿನ ದಿನ ಹಿತ್ತಲಲ್ಲಿ ಕಂಡದ್ದನ್ನೇ ಕಲ್ಲಿನ ತಿರುವಿಗೆ ಹೊಂದಿಸಿ ಅಂದುಬಿಟ್ಟಳು:

ಎಮ್ಮಿ ಮುನಿಸ್ಯಾಳ ಹಾಲ ಕೊಡಲಾರದ
ಕರ ಕಂಡು ಮಾರಿ ತಿರುವ್ಯಾಳ – ಅತ್ಯವ್ವ
ನಿನ್ನಂಗ ಕಲತಾಳ ನಮ್ಮೆಮ್ಮಿ

ಕಲ್ಲು ನಿಂತಿತು. ಅತ್ತೆ ಕಣ್ಣರಳಿಸಿ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಲ್ಲಿನ ಸುತ್ತಲಿನ ಹಿಟ್ಟು ಹಾರುವ ಹಾಗೆ ನಕ್ಕಳು.

"ನಾಳಿಗೂ ಒಂದ ಕಟ್ಟ, ನೋಡೂಣು," ಅಂದಳು.

ಅಂದಿನಿಂದ ಭರಮವ್ವ ತನಗೆ ತಾನೇ ಒಂದು ನೇಮ ಹಾಕಿಕೊಂಡಳು. ದಿನಾ ಬೆಳಗ್ಗೆ ಮೊರದಲ್ಲಿಯ ಜೋಳ ತೀರುವುದರೊಳಗೆ ಮೂರು ಸಾಲಿನ ಒಂದು ಹೊಸ ನುಡಿ ಹುಟ್ಟಬೇಕು. ನಿನ್ನೆಯದು ನಡೆಯದು, ಮಂದಿಯದು ನಡೆಯದು. ಚೆನ್ನಾಗಿ ಬಂದರೆ ಬಂತು, ಕುಂಟಿದರೆ ಕುಂಟಿತು, ಹುಟ್ಟಬೇಕು, ಅಷ್ಟೇ. ಬಸುರಿದ್ದಾಗಲೂ, ಅತ್ತೆ ತೀರಿಕೊಂಡು ಕಲ್ಲಿನ ಆಚೆಯ ಜಾಗ ಖಾಲಿಯಾದಾಗಲೂ ಆಕೆ ಅದನ್ನು ಕೈಬಿಡಲಿಲ್ಲ. ಆ ಒಂದು ನುಡಿಯ ಸಲುವಾಗಿ ಹಗಲೆಲ್ಲ ಕಣ್ಣು ಕಿವಿ ತೆರೆದುಕೊಂಡು ತಿರುಗಿದಳು. ಹುಕ್ಕೇರಿ ಸಂತೆಯಲ್ಲಿ ಬಳೆಗಾರನ ಜೊತೆ ಜಗಳವಾದರೆ ಸಿಟ್ಟಿಗಿಂತ ಮೊದಲು 'ನಾಳೆಗೆ ಇದಾಯಿತು' ಎಂಬ ಸಂತೋಷ ಬರುತ್ತಿತ್ತು.

ಮಗ ಲಗಮಪ್ಪ ದೊಡ್ಡವನಾಗಿ, ಕಾಶೆವ್ವ ಎಂಬ ಸೊಸೆ ಮನೆಗೆ ಬಂದ ಮೇಲೆ, ಪುಣೆಯ ದಾರಿಯ ಬದಿಗೆ ಆಬಾಸಾಹೇಬರು ಎಂಜಿನ್ ತಂದಿಟ್ಟು ಹಿಟ್ಟಿನ ಗಿರಣಿ ಹಾಕಿದರು. ಲಗಮಪ್ಪ ಅವ್ವನ ಮೇಲೆ ಜೀವ ಇಟ್ಟ ಮಗ. ಗಿರಣಿ ಸುರುವಾದ ವಾರವೇ ಜೋಳದ ಚೀಲ ಹೊತ್ತುಕೊಂಡು ಹೋಗಿ ಹಿಟ್ಟು ತಂದು ಇಳಿಸಿದ.

"ಯವ್ವಾ, ನಿನ್ನ ರಟ್ಟಿ ಸವದದ್ದು ಸಾಕು. ಇನ್ನ ಮ್ಯಾಲ ಹೊತ್ತ ಏರೂತನಕಾ ಮಲಕೋ."

ಇಂಥ ಮಗನಿಗೆ ಏನು ಹೇಳುವುದು? ಭರಮವ್ವ ಅವನ ತಲೆ ಸವರಿದಳು. ಮಾರನೆಯ ದಿನ ರೂಢಿಯಂತೆ ಎಚ್ಚರವಾಯಿತು. ಹಾಸಿಗೆಯಲ್ಲೇ ಕುಳಿತು ನುಡಿ ಕಟ್ಟಲು ನೋಡಿದಳು, ಬರಲಿಲ್ಲ. ಕಸ ಹೊಡೆಯುತ್ತ ನೋಡಿದಳು, ಬರಲಿಲ್ಲ. ಮಜ್ಜಿಗೆ ಕಡೆಯುತ್ತ ನೋಡಿದಳು. ಕಡಗೋಲು ಕಲ್ಲಿನ ಹಾಗೆ ಒಂದೇ ಕಡೆಗೆ ಸುತ್ತುವುದಿಲ್ಲ, ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತದೆ. ಬಂದ ಮೊದಲ ಸಾಲು ಎರಡನೆಯದು ಬರುವುದರೊಳಗೆ ಹಿಂದಕ್ಕೆ ಓಡುತ್ತಿತ್ತು.

ಕೆಲವು ದಿನ ಹೀಗೇ ಹೋದವು. ಉಂಡ ಅನ್ನ ಮೈಗೆ ಹತ್ತದು. ಸೊಸೆಯಾಗಿ ಬಂದಂದಿನಿಂದ ನಡೆದ ನೇಮ ತನ್ನ ಕಣ್ಣ ಮುಂದೆಯೇ ಮುರಿದು ಬೀಳುತ್ತದಲ್ಲಾ ಎಂಬ ಚಿಂತೆ. ಬೀಸಲು ಕಾಳು ಕೇಳಿದರೆ ಮಗ ಮುಖ ಸಣ್ಣದು ಮಾಡಿಕೊಂಡಾನು. ಮನೆಯಲ್ಲಿ ಕೈಗೆ ಸಿಗುವುದು ಹಿಟ್ಟು ಮಾತ್ರ. ಕೊನೆಗೊಂದು ಬೆಳಗ್ಗೆ, ಮಗ ಹೊಲದ ಕಾವಲಿಗೆ ಹೋಗಿ, ಸೊಸೆ ಬಾವಿಗೆ ನೀರಿಗೆ ಹೋದ ಹೊತ್ತು ನೋಡಿ, ಗಿರಣಿಯ ಹಿಟ್ಟನ್ನೇ ಮೊರಕ್ಕೆ ತುಂಬಿಕೊಂಡು ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕಿದಳು. ಗೂಟ ತಿರುಗಿತು. ನುಡಿ ಬಂತು! ಹಿಟ್ಟು ಒಂದಿಷ್ಟು ನುಣ್ಣಗಾದರೆ ಯಾರಿಗೇನು ನಷ್ಟ ಎಂದುಕೊಂಡಳು.

ನಷ್ಟ ಇತ್ತು. ಕಾಳಿದ್ದರೆ ಎರಡು ಕಲ್ಲಿನ ನಡುವೆ ತೆರಪು ಇರುತ್ತದೆ; ಬರೀ ಹಿಟ್ಟಾದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಜೀವಮಾನವೆಲ್ಲ ಬೀಸಿದವಳಿಗೆ ಇದು ತಿಳಿಯದ್ದಲ್ಲ, ಹಾಡಿನ ಹುರುಪಿನಲ್ಲಿ ಮರೆತಿತ್ತು. ಅಂದು ಮಧ್ಯಾಹ್ನ ಲಗಮಪ್ಪ ರೊಟ್ಟಿ ಮುರಿದು ಬಾಯಿಗಿಟ್ಟ. ಕರ್ ಎಂದಿತು.

"ಕಾಶೀ, ಹಿಟ್ಟ ಸಾಣಿಸಿಲ್ಲೇನ? ಉಸುಕ ತಿಂದಂಗ ಆಗತೈತಿ."

"ಸಾಣಿಸೇನ್ರಿ. ನಿಮ್ಮ ಹಲ್ಲ ಉದರಾಕತ್ತಾವೇನ ನೋಡ್ಕೋರಿ," ಅಂದಳು ಕಾಶೆವ್ವ. ಆಕೆ ಬಾಯಿ ಸತ್ತವಳಲ್ಲ.

ಮರುದಿನವೂ ಕರ್. ಗಂಡ ರೇಗಿದ, ಹೆಂಡತಿ ಹಿಟ್ಟು ಜರಡಿ ಹಿಡಿಯುವ ಸಾಣಿಗೆಯನ್ನೇ ತಂದು ಅವನ ಗಂಗಾಳದ ಪಕ್ಕಕ್ಕೆ ಕುಕ್ಕಿದಳು. ಭರಮವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ, ಅಗಿಯದೆ ನುಂಗಿ ಎದ್ದಳು. ಕೊನೆಗೆ ಲಗಮಪ್ಪನ ಸಿಟ್ಟು ಗಿರಣಿಯ ಕಡೆ ತಿರುಗಿತು.

"ಆಬಾಸಾಹೇಬರ ಕಲ್ಲ ಕೆಟ್ಟಾವು. ನಡಿ ಯವ್ವಾ, ಹಿಟ್ಟಿನ ಗುಣಾ ನಿನಗಿಂತ ಬಲ್ಲವರು ಯಾರದಾರ? ನೀನ ಬಂದ ಹೇಳು."

ಗಿರಣಿಯ ಮುಂದೆ ಬುಟ್ಟಿ, ಚೀಲ ಇಟ್ಟುಕೊಂಡು ಮಂದಿ ಕುಳಿತಿತ್ತು. "ಸಾಹೇಬ್ರ, ನಿಮ್ಮ ಹಿಟ್ಟಿನಾಗ ಉಸುಕ ಐತಿ," ಎಂದು ಲಗಮಪ್ಪ ಅಂದದ್ದೇ ತಡ, ಒಬ್ಬಾಕೆ ತನ್ನ ಜೋಳದ ಚೀಲದ ಬಾಯಿ ಕಟ್ಟಿಕೊಂಡಳು. ಆಬಾಸಾಹೇಬರ ಮುಖ ಕಪ್ಪಿಟ್ಟಿತು.

"ಅರೇ, ಹೊಸಾ ಗಿರಣಿಗೆ ಹಿಂಗ ಹೆಸರ ಇಟ್ರ ಹೆಂಗಪಾ?" ಎನ್ನುತ್ತ, ಬೀಳುತ್ತಿದ್ದ ಬಿಸಿ ಹಿಟ್ಟನ್ನು ಹಿಡಿದು ಒಂದು ಚಿಟಿಕೆ ತಾವು ಬಾಯಿಗೆ ಹಾಕಿಕೊಂಡರು, ಉಳಿದದ್ದನ್ನು ಭರಮವ್ವನ ಅಂಗೈಗೆ ಸುರಿದರು. "ಕಾಕೂ, ನೀ ಹೇಳಿದ್ದ ಖರೆ. ನೀ ಉಸುಕ ಅಂದ್ರ ಇವತ್ತ ಎಂಜಿನ್ ಬಂದ್ ಮಾಡ್ತೇನಿ."

ಹಿಟ್ಟು ನಾಲಗೆಯ ಮೇಲೆ ಬೆಣ್ಣೆಯಾಗಿತ್ತು. ಒಂದು ಸುಳ್ಳು ಆಡಿದರೆ ಎಂಜಿನ್ ನಿಲ್ಲುತ್ತದೆ, ಮನೆಗೆ ಕಾಳು ಬರುತ್ತದೆ, ಹಾಡು ಉಳಿಯುತ್ತದೆ. ಭರಮವ್ವ ಅದನ್ನು ಯೋಚಿಸಲಿಲ್ಲವೆಂದಲ್ಲ. ಆದರೆ ಕಂಡದ್ದನ್ನು ಕಂಡಂತೆಯೇ ಅಂದು ಪಳಗಿದ ಬಾಯಿ. ಸುಳ್ಳು ಅದರಲ್ಲಿ ತಿರುಗಲಿಲ್ಲ.

"ನಿಮ್ಮ ಹಿಟ್ಟ ಚಲೋ ಐತ್ರಿ. ಉಸುಕ ನನ್ನ ಕಲ್ಲಿಂದು. ನಿಮ್ಮ ಹಿಟ್ಟನ್ನ ನಾ ತಿರಗಿ ಬೀಸೇನ್ರಿ."

ಲಗಮಪ್ಪ ಅವ್ವನ ಕಡೆ ತಿರುಗಿದ. "ಬೀಸಿದ್ದನ್ನ ಬೀಸಿದೇನ? ಯಾಕಬೇ ಯವ್ವಾ?"

"ಕಲ್ಲ ತಿರಗದ ನನಗ ಹಾಡ ಬರೂದಿಲ್ಲೋ ಯಪ್ಪಾ."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಬಾಸಾಹೇಬರು ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡರು. "ಅಯ್ಯ ಕಾಕೂ, ಒಂದ ಮೊರ ಕಾಳ ಮನ್ಯಾಗ ಇಟಗೊಂಡಿದ್ರ ನನ್ನ ಗಿರಣಿ ಮುಳಗತಿತ್ತೇನ?"

ನಗದವನು ಲಗಮಪ್ಪ ಒಬ್ಬನೇ. ಮನೆಯ ದಾರಿ ಹಿಡಿದು ಊರ ಅಗಸೆಬಾಗಿಲು ದಾಟಿದ ಮೇಲೆ ಅವ್ವನ ಪಕ್ಕಕ್ಕೆ ಬಂದ.

"ನಿನಗ ಆರಾಮ ಆಗ್ಲಿ ಅಂತ ಮಾಡಿದ್ನಿ," ಎಂದ.

"ಗೊತ್ತೈತೋ. ಅದಕ್ಕ ಹೇಳಾಕ ಬಾಯಿ ಬರಲಿಲ್ಲ."

"ದಿನಾ ಒಂದ ಬುಟ್ಟಿ ಕಾಳ ಬಿಟ್ರ ಸಾಕೇನ?"

"ಬುಟ್ಟಿ ಯಾಕೋ? ಒಂದ ಮೊರ ಸಾಕು. ರಟ್ಟಿ ಖರೇನ ಸವದಾವು."

ಮರುದಿನ ಬೆಳಗ್ಗೆ ಕಾಶೆವ್ವ ಬಾವಿಗೆ ಹೋಗಲಿಲ್ಲ. ಶಿವಗಂಗವ್ವ ಕುಳಿತಿದ್ದ ಜಾಗದಲ್ಲಿ ಬಂದು ಕುಳಿತು ಗೂಟಕ್ಕೆ ಕೈ ಹಾಕಿದಳು. "ನೀವು ಬೀಸಿದ್ದಕ್ಕ ನಾ ಬೈಸಿಗೊಂಡೇನಿ ಅತ್ತಿ. ಮರತಿಲ್ಲ," ಅಂದಳು. ಭರಮವ್ವ ಕೇಳಿಸದವಳಂತೆ ಹಿಡಿ ಜೋಳ ಹಾಕಿ ಸುರು ಮಾಡಿದಳು:

ಬೀಸಿದ ಹಿಟ್ಟನ್ನ ಬೀಸೇನ ತಿರತಿರಗಿ
ಮಗನ ಹಲ್ಲಾಗ ಉಸುಕಾದಿ – ನನ ಕಲ್ಲ

ಮೂರನೆಯ ಸಾಲಿಗೆ ಉಸಿರು ತೆಗೆದುಕೊಳ್ಳುವುದರೊಳಗೆ ಆಚೆಯಿಂದ ಕಾಶೆವ್ವ ಎತ್ತಿಕೊಂಡಳು:

ಸೊಸಿಮ್ಯಾಲ ಸಿಟ್ಟು ಯಾತಕ್ಕ

ಕಲ್ಲು ನಿಂತಿತು. ಭರಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಹಿಟ್ಟು ಹಾರಿತು.

ಆ ನುಡಿಯನ್ನು ಆಕೆ ತನ್ನ ನೇಮಕ್ಕೆ ಹಿಡಿಯಲಿಲ್ಲ. ಅದು ಸೊಸೆಯದು ಎಂದು ಬಿಟ್ಟುಕೊಟ್ಟು, ಮೊರದಲ್ಲಿಯ ಜೋಳ ತೀರುವುದರೊಳಗೆ ತನ್ನದೊಂದನ್ನು ಬೇರೆ ಕಟ್ಟಿದಳು.