ಏಳನೆಯ ಸಂಚಿಕೆಯ ರೇಟು

ಮಾವನ ಬಲಗೈ ಹೆಬ್ಬೆರಳಿನ ಉಗುರು ಕಂದು ಬಣ್ಣಕ್ಕೆ ತಿರುಗಿ ನಡುವೆ ಸೀಳಿತ್ತು. ಜೀವಮಾನವಿಡೀ ಅಡಿಕೆ ಕೆರೆದು ಕೆರೆದು ಹಾಗಾದದ್ದು. ಅದೇ ಉಗುರನ್ನು ಅವರು ಮಕ್ಕಳ ಚಿತ್ರಕಥೆ ಪುಸ್ತಕದ ಬೆನ್ನಿಗೆ ಒತ್ತಿ ನೋಡುತ್ತಿದ್ದರು. ಪಿನ್ನಿಗೆ ತುಕ್ಕು ಹಿಡಿದಿದೆಯೇ ಎಂದು ಸವರುತ್ತಿದ್ದರು. ಆಮೇಲೆ ಪುಸ್ತಕವನ್ನು ಕಿವಿಯ ಹತ್ತಿರ ಹಿಡಿದು ಹಾಳೆಗಳನ್ನು ಫರ್ರನೆ ಬಿಟ್ಟು ಸದ್ದು ಕೇಳಿ, ಮೂಗಿಗೆ ಹಿಡಿದು ಮೂಸಿ, "ಇದು ಪಟೋರ" ಎಂದು ಬದಿಗೆ ಸರಿಸುತ್ತಿದ್ದರು. ಪಟೋರವೆಂದರೆ ಸ್ವಲ್ಪ ಬಿರುಕು ಬಿಟ್ಟ ಎರಡನೆಯ ದರ್ಜೆಯ ಅಡಿಕೆ.

ಅವರು ನನ್ನ ಅಮ್ಮನ ಅಣ್ಣ, ಪುತ್ತೂರಿನಲ್ಲಿ ಅಡಿಕೆ ವ್ಯಾಪಾರಿ. ಎಪ್ಪತ್ತರ ದಶಕದ ಕೊನೆಯಲ್ಲಿ ಟೈಪಿಂಗ್ ಕಲಿಯಲೆಂದು ಬಂದ ನಾನು ಅವರ ಮನೆಯಲ್ಲಿದ್ದೆ. ಮಾವನಿಗೆ ಅಡಿಕೆ ಬಿಟ್ಟು ಬೇರೆ ಅಳತೆ ಗೊತ್ತಿರಲಿಲ್ಲ. ನನ್ನನ್ನು ನೋಡಲು ಬಂದಿದ್ದ ಒಬ್ಬ ಗಂಡನ್ನು ಮೇಲಿಂದ ಕೆಳಗೆ ನೋಡಿ, ಅವನು ಗೇಟು ದಾಟಿ ಹೋಗುವ ಮೊದಲೇ, "ಒಣಗಿದ್ದು ಸಾಲದು ಮಗಾ, ಬೇಡ" ಎಂದವರು ಅವರು. ಪುಸ್ತಕಗಳಿಗೂ ಅದೇ ನ್ಯಾಯ. ಹೊಸತು, ಹಳತು, ಪಟೋರ, ಕೊನೆಗೆ ಯಾವುದಕ್ಕೂ ಬಾರದ ಕರಿಗೋಟು. ಅಡಿಕೆಯ ಹಾಗೆ ಹಳತಕ್ಕೇ ರೇಟು ಜಾಸ್ತಿ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಈ ಹುಚ್ಚು ಶುರುವಾದದ್ದು ರದ್ದಿಯಿಂದ. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ತಂದ ಹಳೆ ಕಾಗದದ ನಡುವೆ ಒಂದು ಕಟ್ಟು ಚಿತ್ರಕಥೆಗಳಿದ್ದವು. ಒಂಟಿಗಣ್ಣಿನ ಹಡಗಿನ ಕಪ್ತಾನನೊಬ್ಬನ ಸಾಹಸಗಳು, ಹನ್ನೆರಡು ಸಂಚಿಕೆಯ ಮಾಲೆ. ಸುಳ್ಯದ ಡಾಕ್ಟರೊಬ್ಬರ ಶಾಪಿನಲ್ಲಿ ಔಷಧಿ ಕೊಡುತ್ತಿದ್ದ ಕಂಪೌಂಡರು ಅಂಗಡಿಗೆ ಬಂದವರು ಅದನ್ನು ಕಂಡು ಮೂರನೆಯ ಸಂಚಿಕೆಯನ್ನು ಎತ್ತಿಕೊಂಡು, "ಇದಕ್ಕೆ ಎಷ್ಟು ಬೇಕು ಸಾವುಕಾರ್ರೆ?" ಎಂದು ಕೇಳಿದರಂತೆ. ಕೇಳುವಾಗ ಅವರ ಕೈ ನಡುಗಿತಂತೆ. ಮಾವ ನೋಡಿದ್ದು ಆ ಕೈಯನ್ನು. ಪುಸ್ತಕ ತಿರುಗಿ ಒಳಗೆ ಹೋಯಿತು.

"ನಡುಗುವ ಕೈಗೆ ಮಾಲು ಕೊಡ್ಲಿಕ್ಕೆ ಇಲ್ಲ. ಇಟ್ಟರೆ ರೇಟು ಬರ್ತದೆ" ಎಂದು ನನಗೆ ಎಷ್ಟೋ ಸಲ ಪಾಠ ಹೇಳಿದ್ದಾರೆ.

ಹಾಗೆ ಇಟ್ಟರು. ಬೇರೆ ಸಂಚಿಕೆಗಳನ್ನು ಕೊಂಡು ಸೇರಿಸಿದರು. ಒಂದನ್ನೂ ಓದಲಿಲ್ಲ. ಅತ್ತೆ ಒಮ್ಮೆ, "ಆ ಕಪ್ತಾನನಿಗೆ ಕಣ್ಣು ಹೋದದ್ದು ಹೇಗೆ?" ಎಂದು ಕೇಳಿದ್ದಕ್ಕೆ ಮಾವ ರೇಗಿ, "ಅಡಿಕೆ ಮಾರುವವ ಅಂಗಡಿಯಲ್ಲಿ ಕೂತು ಎಲೆಯಡಿಕೆ ಹಾಕಿದರೆ ಮಾರುದು ಎಂತ ಮತ್ತೆ?" ಎಂದಿದ್ದರು. ಓದಿದರೆ ಪುಸ್ತಕದ ತೂಕ ಇಳಿಯುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರೋ ಏನೋ, ನಮ್ಮನ್ನೂ ಮುಟ್ಟಲು ಬಿಡುತ್ತಿರಲಿಲ್ಲ.

ಮುಟ್ಟಲು ಬಿಡದಿದ್ದ ಮನುಷ್ಯ ಮಾಡಿದ್ದೇನೆಂದರೆ, ಬೂಷ್ಟು ಹಿಡಿಯಬಾರದೆಂದು ಅವುಗಳನ್ನು ಅಂಗಳದಲ್ಲಿ ಅಡಿಕೆಯ ಪಕ್ಕದಲ್ಲೇ ಬಿಸಿಲಿಗೆ ಹರಡಿದರು! ಮಧ್ಯಾಹ್ನ ಮಗುಚಿ ಹಾಕಲು ಆಳು ಬೇರೆ. ಒಂದು ದಿನ ಅಕಾಲದಲ್ಲಿ ಮೋಡ ಕವಿದು ಹನಿ ಬಿದ್ದಾಗ ಮನೆಯವರೆಲ್ಲ ಓಡಿ ಅಡಿಕೆಯನ್ನೂ ಕಪ್ತಾನನನ್ನೂ ಒಟ್ಟಿಗೆ ಬಾಚಿ ಬುಟ್ಟಿಗೆ ತುಂಬಿದೆವು. ಒಂಬತ್ತನೆಯ ಸಂಚಿಕೆ ಗೋಣಿಯೊಳಗೆ ಸೇರಿ ಗುಜರಾತಿಗೆ ಹೋಯಿತು. ಅಲ್ಲಿಯ ಸೇಟು ಅದನ್ನು ಒಪ್ಪವಾಗಿ ಮಡಚಿ ಹಿಂದೆ ಕಳುಹಿಸಿ, ಈ ಮಾಲಿಗೆ ಇಲ್ಲಿ ಗಿರಾಕಿ ಇಲ್ಲವೆಂದು ತಿಳಿಸಿದ್ದ. ಮಾವ ಅದನ್ನು ನಗೆಯಾಗಿ ತೆಗೆದುಕೊಳ್ಳಲಿಲ್ಲ. ಗುಜರಾತ್ ಮಾರ್ಕೆಟು ಬಿದ್ದಿದೆ ಎಂದು ಎರಡು ದಿನ ಬೇಸರದಲ್ಲಿದ್ದರು.

ಅವರ ಕಟ್ಟಿನಲ್ಲಿ ಏಳನೆಯದು ಮಾತ್ರ ಇರಲಿಲ್ಲ. ಅದು ಹೊರಬಂದ ತಿಂಗಳ ಪಾರ್ಸೆಲು ಬಸ್ಸಿನ ಟಾಪಿನಲ್ಲಿ ಮಳೆಗೆ ನೆನೆದು ಮುದ್ದೆಯಾಗಿ, ಪುತ್ತೂರಿಗೆ ಏಳು ಬಂದೇ ಇರಲಿಲ್ಲ. ಕಂಪೌಂಡರು ತಮ್ಮದನ್ನು ಮಡಿಕೇರಿಯಿಂದ ತರಿಸಿದ್ದರು. ಅವರಿಗೆ ತಪ್ಪಿದ್ದು ಮೂರನೆಯದು. ಅದು ಬಂದ ತಿಂಗಳು ಸುಳ್ಯವಿಡೀ ಫ್ಲೂ ಜ್ವರ, ಔಷಧಿ ಕಟ್ಟುವುದರಲ್ಲಿ ಅವರಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಹೀಗೆ ಇವರ ಮೂರು ಅವರಿಗೆ ಬೇಕು, ಅವರ ಏಳು ಇವರಿಗೆ ಬೇಕು.

ಇಚಿಲಂಪಾಡಿಯ ಒಂದು ಮನೆಯಲ್ಲಿ ಏಳು ಉಂಟೆಂದು ಯಾರೋ ಹೇಳಿದರು. ಮಾವ ಬಸ್ಸಿಳಿದು ಗುಡ್ಡ ಹತ್ತಿ ಹೋದರು, ಜೊತೆಗೆ ನಾನು. ಉಳಿದದ್ದು ರಕ್ಷಾಪುಟ ಮಾತ್ರ. ಅದನ್ನು ಅಡುಗೆಮನೆಯ ಹಿಂಬಾಗಿಲಿಗೆ ಅನ್ನದ ಗಂಜಿಯಿಂದ ಅಂಟಿಸಿದ್ದರು. ಮಾವ ಉಗುರಿನಿಂದ ಅಂಚನ್ನು ಕೆರೆದು ನೋಡಿ, ಕಿತ್ತು ಬರುವುದಿಲ್ಲವೆಂದು ಗೊತ್ತಾದ ಮೇಲೆ, "ಬಾಗಿಲಿಗೆ ಎಷ್ಟು ಹೇಳ್ತೀರಿ?" ಎಂದು ಕೇಳಿದರು.

"ಎಂತ ಮಾತಾಡ್ತೀರಿ ಮಾರಾಯ್ರೆ! ಬಾಗಿಲು ಕೊಟ್ಟರೆ ಒಳಗೆ ನಾಯಿ ಬರುದಿಲ್ವಾ?" ಎಂದು ಆ ಮನೆಯಾಕೆ ಗದರಿದಳು. ದಾರಿಯುದ್ದಕ್ಕೂ ನಾನು ನಗುತ್ತಿದ್ದೆ. ಮಾವ ಬಾಗಿಲು ಹೊತ್ತು ಬಸ್ಸಿಗೆ ಹತ್ತಿಸುವುದು ಹೇಗೆಂದು ಇನ್ನೂ ಯೋಚಿಸುತ್ತಿದ್ದರು.

ಕೊನೆಗೆ ಉಳಿದದ್ದು ಸುಳ್ಯ. ಏನಾದರೂ ನೆಪ ಮಾಡಿ ಮಾವ ಅಲ್ಲಿಗೆ ಹೋಗುತ್ತಿದ್ದರು. ಕಂಪೌಂಡರು ಪುಸ್ತಕಗಳನ್ನು ಔಷಧಿಯ ತಗಡಿನ ಡಬ್ಬದಲ್ಲಿ ನುಸಿಗುಳಿಗೆ ಹಾಕಿ ಇಡುತ್ತಿದ್ದರು. ತೆರೆದರೆ ಆಸ್ಪತ್ರೆಯ ವಾಸನೆ. ಮಾವ ತೋರಿಸಲೆಂದು ತಂದ ಮೂರನೆಯ ಸಂಚಿಕೆಯನ್ನು ಅವರು ಕನ್ನಡಕ ಏರಿಸಿ ನೋಡಿ, "ರಕ್ತ ಇಲ್ಲ ಸಾವುಕಾರ್ರೆ. ನೀಲಿ ಸಮುದ್ರ ಬಿಳ್ಚಿಕೊಂಡಿದೆ. ಬಿಸಿಲಿಗೆ ಹಾಕಿದ್ದೀರಲ್ಲ, ಪಾಪ" ಎನ್ನುತ್ತಿದ್ದರು. ಮಾವ ಬಿಡುತ್ತಾರೆಯೇ? "ನಿಮ್ಮದು ನಾರ್ತದೆ" ಎನ್ನುತ್ತಿದ್ದರು.

ಆಮೇಲೆ ವ್ಯಾಪಾರ. ದನದ ವ್ಯಾಪಾರದಲ್ಲಿ ಮಾಡುವ ಹಾಗೆ, ಮಾವ ಹೆಗಲ ಮೇಲಿನ ಟವೆಲು, ಬೈರಾಸನ್ನು ಇಬ್ಬರ ಕೈಯ ಮೇಲೆ ಹಾಕುತ್ತಿದ್ದರು. ಅದರಡಿಯಲ್ಲಿ ಬೆರಳು ಹಿಡಿದು ರೇಟು ಹೇಳುವುದು, ಹೊರಗಿನವರಿಗೆ ತಿಳಿಯಬಾರದು. ಹೊರಗಿನವಳೆಂದು ಅಲ್ಲಿ ಇದ್ದದ್ದು ನಾನೊಬ್ಬಳೇ! ಬೈರಾಸು ಬಹಳ ಹೊತ್ತು ಅಲುಗಾಡಿ, ಕೊನೆಗೆ ಕಂಪೌಂಡರು ಕೈ ಎಳೆದುಕೊಂಡು, "ಕೊಡುದಿಲ್ಲ" ಎನ್ನುತ್ತಿದ್ದರು. ಚಹಾ ಬರುತ್ತಿತ್ತು.

"ನೀವು ಬದಲಾಯಿಸಿಕೊಳ್ಳಬಾರದಾ? ಮೂರು ಅವರಿಗೆ, ಏಳು ನಿಮಗೆ" ಎಂದೆ ಒಮ್ಮೆ. ಇಬ್ಬರೂ ನನ್ನನ್ನು ನೋಡಿದ ನೋಟಕ್ಕೆ ನನಗೇ ನಾಚಿಕೆಯಾಯಿತು.

"ಮೂರು ಹಳತು. ಏಳು ಪಟೋರ. ಸಮ ಹೇಗೆ ಆಗುದು?" ಎಂದರು ಮಾವ.

"ಮೂರು ಬೇರೆ ಊರಲ್ಲಿ ಸಿಕ್ಕೀತು. ಏಳು ಎಲ್ಲುಂಟು, ಹೇಳು ನೋಡುವ?" ಎಂದರು ಕಂಪೌಂಡರು.

ನನ್ನ ಮದುವೆಯಾಗಿ, ಎಂಬತ್ತರ ದಶಕ ಅರ್ಧ ಕಳೆದ ಮೇಲೆ, ಮಂಗಳೂರಿನ ಲಾಯರೊಬ್ಬರು ಹಳೆ ಚಿತ್ರಕಥೆ ಹುಡುಕಿಕೊಂಡು ಮಾವನಲ್ಲಿಗೆ ಬಂದರು. ಬಿಸಿಲಿಗೆ ಬಿಳಿಚಿದ ಸಮುದ್ರವನ್ನು ನೋಡಿ ಮುಖ ಹುಳಿ ಮಾಡಿದರೂ, ಹನ್ನೆರಡೂ ಇದ್ದರೆ ಕೇಳಿದಷ್ಟು ಕೊಡುತ್ತೇನೆ, ಒಂದು ಕಡಿಮೆಯಾದರೂ ಬೇಡ ಎಂದರು. ಮಾವ ಅವತ್ತೇ ಸುಳ್ಯಕ್ಕೆ ಓಡಿ, ಬೈರಾಸಿನಡಿ ಒಮ್ಮೆಲೇ ದೊಡ್ಡ ರೇಟು ಹಿಡಿದರು. ಕಂಪೌಂಡರು ನಕ್ಕುಬಿಟ್ಟರಂತೆ. "ಈಗ ನಿಮ್ಮ ಕೈ ನಡುಗ್ತದೆ ಸಾವುಕಾರ್ರೆ. ಯಾರೋ ಕೇಳಿದ್ದಾರೆ. ಇನ್ನು ನಾನು ಕೊಡ್ತೇನಾ?" ತಮ್ಮ ಪಾಠ ತಮಗೇ ತಿರುಗಿ ಬಂದದ್ದಕ್ಕೆ ಮಾವ ವಾರವಿಡೀ ಸಿಡಿಮಿಡಿಗುಟ್ಟಿದರು.

ಮರುವರ್ಷ ಕಂಪೌಂಡರು ತೀರಿಕೊಂಡರು. ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಅವರ ಮಗ ಪುತ್ತೂರಿಗೆ ಬಂದ. ಆ ದಿನ ನಾನೂ ಅಲ್ಲಿದ್ದೆ. ಚೀಲದಿಂದ ಏಳನೆಯ ಸಂಚಿಕೆ ತೆಗೆದು ಮೇಜಿನ ಮೇಲಿಟ್ಟು, "ಅಪ್ಪನಿಗೆ ನಿಮ್ಮದೇ ಮಾತು. ಇದು ನಿಮಗೇ ಇರಲಿ. ದುಡ್ಡು ಎಂತದ್ದೂ ಬೇಡ" ಎಂದ. ನುಸಿಗುಳಿಗೆಯ ವಾಸನೆ ಅಂಗಡಿಯಲ್ಲಿ ಹರಡಿತು.

ಹನ್ನೆರಡೂ ಆದವು ಎಂದು ನನಗೆ ಖುಷಿಯೋ ಖುಷಿ. ಮಾವನ ಮುಖದಲ್ಲಿ ಖುಷಿ ಇರಲಿಲ್ಲ. "ಬೇಡ ಅಂದ್ರೆ ಹೇಗೆ? ರೇಟು ಹೇಳಿ" ಎಂದರು. "ಸುಮ್ಮನೆ ಇಟ್ಟುಕೊಳ್ಳಿ ಸಾವುಕಾರ್ರೆ, ನಮಗೆ ಇದರಿಂದ ಎಂತ ಉಂಟು?" ಎಂದ ಅವನು. ಮಾವ ಹೆಗಲಿನಿಂದ ಬೈರಾಸು ತೆಗೆದು ಅವನ ಕೈ ಹಿಡಿದರು. ಅವನಿಗೆ ಬೆರಳ ಲೆಕ್ಕ ಗೊತ್ತಿರಲಿಲ್ಲ. ಸುಮ್ಮನೆ ಕೈ ಕೊಟ್ಟು ಕೂತ.

ಮಾವ ಅವನ ಕೈ ಬಿಟ್ಟರು. ಆಮೇಲೆ ತಮ್ಮ ಎರಡೂ ಕೈಗಳನ್ನು ಬೈರಾಸಿನ ಅಡಿಗೆ ಹಾಕಿದರು. ಬಟ್ಟೆ ಅಲುಗಾಡಿತು. ನಿಂತಿತು. ಮತ್ತೆ ಅಲುಗಾಡಿತು. ಒಮ್ಮೆ ಮಾವ ಹುಬ್ಬು ಗಂಟಿಕ್ಕಿದರು, ಒಮ್ಮೆ ತಲೆ ಅಲ್ಲಾಡಿಸಿದರು. ನಗು ಬಂದು ನಾನು ಸೆರಗನ್ನು ಬಾಯಿಗೆ ಹಿಡಿದೆ. ಹಿಡಿದವಳಿಗೆ ಅಳು ಬಂತು. ಕೊನೆಗೆ ಎಡಗೈಯನ್ನು, ಕಂಪೌಂಡರು ಎಳೆದುಕೊಳ್ಳುತ್ತಿದ್ದ ಹಾಗೆಯೇ, ಜಗ್ಗನೆ ಹೊರಗೆಳೆದುಕೊಂಡು, "ಕೊಡುದಿಲ್ಲ ಅಂತೆ. ತೆಗೊಂಡು ಹೋಗಿ" ಎಂದು ಪುಸ್ತಕವನ್ನು ಅವನ ಚೀಲದೊಳಗೆ ತಾವೇ ಇಟ್ಟರು. ಅವನಿಗೆ ಚಹಾ ತರಿಸಿದರು.

ಅದಾದ ಎರಡನೆಯ ವರ್ಷ ಮಾವನೂ ಹೋದರು. ಅದಕ್ಕೆ ಮೊದಲು ಲಾಯರು ಇನ್ನೊಮ್ಮೆ ಬಂದು ಏಳು ಸಿಕ್ಕಿತೇ ಎಂದು ಕೇಳಿದ್ದರು.

"ಸುಳ್ಯದಲ್ಲಿ ಉಂಟು. ಅವರು ಬಿಡುದಿಲ್ಲ" ಎಂದರು ಮಾವ.

"ಯಾರವರು? ಹೆಸರು ಹೇಳಿ, ನಾನೊಮ್ಮೆ ಮಾತಾಡಿ ನೋಡ್ತೇನೆ."

ಮಾವ ಲಾಯರನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷ ಹಿಡಿದು ನನ್ನಿಂದ ಆಗಲಿಲ್ಲ ಮಾರಾಯ್ರೆ. ನಿಮ್ಮಿಂದ ಆಗುದುಂಟಾ?"